ಅಣ್ಣನ ಮೊಣಕೈ

ಓಲಗದಲ್ಲಿ ಶ್ರುತಿ ಹಿಡಿಯುವವನನ್ನು ಯಾರೂ ನೋಡುವುದಿಲ್ಲ. ಎಲ್ಲರ ಕಣ್ಣು ನಾಗಸ್ವರದವನ ಕೆನ್ನೆಯ ಮೇಲೆ, ಇಲ್ಲವೇ ಡೋಲಿನವನ ಕೈಯ ಮೇಲೆ. ಶ್ರುತಿಯವನು ಪಕ್ಕದಲ್ಲಿ ಕೂತು ಒಂದೇ ಒಂದು ಸ್ವರವನ್ನು ಮೊದಲಿನಿಂದ ಕೊನೆಯವರೆಗೆ ಎಳೆಯುತ್ತಿರಬೇಕು, ಅಷ್ಟೇ. ನನ್ನ ಚಿಕ್ಕಂದಿನಲ್ಲಿ ಅದಕ್ಕೂ ಒಂದು ಊದುವ ಕೊಳವೆ ಇತ್ತು, ಒತ್ತು ಎನ್ನುತ್ತಿದ್ದೆವು. ನೋಡುವುದಕ್ಕೆ ನಾಗಸ್ವರದ ಹಾಗೆಯೇ ಇರುತ್ತದೆ, ಆದರೆ ಬೆರಳಿಗೆ ಕೆಲಸವಿಲ್ಲ. ಕೆನ್ನೆಯಲ್ಲಿ ಗಾಳಿ ಕೂಡಿಟ್ಟುಕೊಂಡು, ಮೂಗಿನಿಂದ ಉಸಿರೆಳೆಯುತ್ತ, ಸದ್ದು ಕಡಿಯದ ಹಾಗೆ ಊದುತ್ತಿರಬೇಕು. ಆಮೇಲೆ ಕೈಯಲ್ಲಿ ತಿದಿ ಒತ್ತುವ ಶ್ರುತಿಪೆಟ್ಟಿಗೆ ಬಂತು. ಕೆನ್ನೆಗೆ ಬಿಡುವಾಗಿ ಕೈಗೆ ಕೆಲಸ ಬಂತು.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ನಮ್ಮ ಮೇಳದಲ್ಲಿ ಒತ್ತು ಊದುತ್ತಿದ್ದ ಚಿಕ್ಕಪ್ಪ ತೀರಿಕೊಂಡರು. ಅಣ್ಣ ಸ್ಕೂಲಿಗೆ ಬಂದು ಕಿಟಕಿಯಿಂದ ಕೈ ಮಾಡಿ ಕರೆದ. ಸ್ಲೇಟು ಹಿಡಿದುಕೊಂಡು ಹೊರಗೆ ಬಂದವನು ಮತ್ತೆ ಒಳಗೆ ಹೋಗಲಿಲ್ಲ. ಆಗಲೇ ಅಪ್ಪ ಇರಲಿಲ್ಲ. ನಾಗಸ್ವರ ಊದಿ ಅವ್ವನನ್ನೂ ನನ್ನನ್ನೂ ಸಾಕುತ್ತಿದ್ದವನು ಅಣ್ಣನೇ. ನನಗೆ ಅವನು ಬಾಯಿಂದ ಏನನ್ನೂ ಕಲಿಸಲಿಲ್ಲ, ಮೊಣಕೈಯಿಂದ ಕಲಿಸಿದ. ಯಾವಾಗಲೂ ಅವನ ಎಡಗಡೆಗೆ ನಾನು ಕೂರಬೇಕು. ನಿದ್ದೆ ತೂಗಿದರೆ ಪಕ್ಕೆಗೊಂದು ತಿವಿತ. ಉಸಿರು ಇಳಿದರೆ ಇನ್ನೊಂದು. ಊದುವುದು ನಿಲ್ಲುತ್ತಿರಲಿಲ್ಲ, ಬೆರಳು ತಪ್ಪುತ್ತಿರಲಿಲ್ಲ, ಮೊಣಕೈ ಮಾತ್ರ ಬಂದು ಕೆಲಸ ಮುಗಿಸಿಕೊಂಡು ಹೋಗುತ್ತಿತ್ತು. ಮದುವೆ ಸಾಲು ಇದ್ದ ತಿಂಗಳಲ್ಲಿ ನನ್ನ ಬಲ ಪಕ್ಕೆ ನೀಲಿಗಟ್ಟಿರುತ್ತಿತ್ತು. ಅವ್ವ ಎಣ್ಣೆ ಹಚ್ಚುತ್ತ ಅವನನ್ನು ಬೈಯುತ್ತಿದ್ದಳು.

"ಮಗೀನ ಸಾಯಿಸ್ತೀಯೇನೋ?"

"ಶ್ರುತಿ ಸತ್ರೆ ಮದ್ವೇನೇ ಸಾಯ್ತದೆ ಕಣವ್ವ. ಇವ್ನಿಗೇನು, ಗುಂಡುಕಲ್ಲು."

ಅವನಿಗೆ ಮಕ್ಕಳಾಗಲಿಲ್ಲ, ಅತ್ತಿಗೆ ಬೇಗ ಹೋದಳು. ಅವ್ವನೂ ಹೋದ ಮೇಲೆ ಅಣ್ಣ ನಮ್ಮ ಜೊತೆಗೇ ಇದ್ದ. ರಾಜಾಜಿನಗರದ ಕೈಗಾರಿಕಾ ವಸಾಹತಿನ ಹಿಂದೆ ಒಂದು ವಠಾರ. ಒಂದು ಕೋಣೆ, ಒಂದು ಅಡುಗೆಮನೆ, ಮುಂದುಗಡೆ ಒಂದು ಜಗಲಿ. ನನ್ನ ಹೆಂಡತಿ ಆ ಜಗಲಿಯ ಮೇಲೆ ಕೂತು ಊದುಬತ್ತಿ ಹೊಸೆಯುತ್ತಿದ್ದಳು. ಅಣ್ಣ, ನಾನು ಇಬ್ಬರೂ ಓಲಗಕ್ಕೆ ಹೋಗುತ್ತಿದ್ದೆವು. ಮೈಕ್‌ಸೆಟ್ಟಿನವರು ಬಂದು ಸಿನಿಮಾ ಹಾಡು ಹಾಕತೊಡಗಿದ್ದರೂ ತಾಳಿ ಕಟ್ಟುವ ಹೊತ್ತಿಗೆ ನಾವೇ ಬೇಕಾಗಿತ್ತು.

ಅಣ್ಣನ ಮರೆವು ಗೊತ್ತಾಗಿದ್ದು ಒಂದು ಮದುವೆಯಲ್ಲೇ. ಮುಹೂರ್ತದ ಹೊತ್ತಿಗೆ ಪುರೋಹಿತರು ತೋರುಬೆರಳೆತ್ತಿ ಅಲ್ಲಾಡಿಸಿ "ಗಟ್ಟಿಮೇಳ, ಗಟ್ಟಿಮೇಳ" ಎನ್ನುತ್ತಾರೆ. ಆಗ ಡೋಲು, ನಾಗಸ್ವರ ಒಟ್ಟಿಗೆ ಜೋರಾಗಿ ಎದ್ದು ಸೀನು, ಕೆಮ್ಮು, ಅಳು ಯಾವುದೂ ಕೇಳದಂತೆ ಮುಚ್ಚಿಬಿಡಬೇಕು. ಜನ ಅಕ್ಷತೆ ಎರಚುತ್ತಾರೆ. ಆ ದಿನ ಪುರೋಹಿತರು ಬೆರಳೆತ್ತಿದರು. ಡೋಲಿನವನು ಶುರು ಮಾಡಿದ. ಅಣ್ಣ ನಾಗಸ್ವರ ತುಟಿಗಿಟ್ಟು ನಿಧಾನವಾಗಿ ಮಂಗಳ ನುಡಿಸಿದ. ಎಲ್ಲ ಮುಗಿದು, ಜನ ಚಪ್ಪಲಿ ಹುಡುಕುವಾಗ ನುಡಿಸುವ ಮಂಗಳ. ತಾಳಿ ಇನ್ನೂ ಗಂಡಿನ ಕೈಯಲ್ಲೇ ಇತ್ತು. ಹೆಣ್ಣಿನ ತಾಯಿ ಸೆರಗು ಬಾಯಿಗಿಟ್ಟುಕೊಂಡಳು. ನಾನು, ಜೀವನದಲ್ಲಿ ಮೊದಲ ಸಲ, ನನ್ನ ಮೊಣಕೈಯಿಂದ ಅಣ್ಣನ ಪಕ್ಕೆಗೆ ತಿವಿದೆ. ಅವನು ನನ್ನ ಕಡೆ ತಿರುಗಿ ನಕ್ಕ, ಮಂಗಳವನ್ನು ಪೂರ್ತಿ ಮಾಡಿದ.

ಆಮೇಲೆ ನಮ್ಮನ್ನು ಯಾರೂ ಕರೆಯಲಿಲ್ಲ. ಡೋಲಿನವನು ಹೊಸಹಳ್ಳಿಯ ಬೇರೆ ಮೇಳಕ್ಕೆ ಸೇರಿಕೊಂಡ. ನಾನು ರಾಜಾಜಿನಗರದಲ್ಲೇ ಒಂದು ಸಂಗೀತ ಶಾಲೆಯಲ್ಲಿ ಕಸ ಗುಡಿಸಿ, ವಾದ್ಯ ಒರೆಸಿಡುವ ಕೆಲಸಕ್ಕೆ ಸೇರಿದೆ. ಶ್ರುತಿಪೆಟ್ಟಿಗೆ ಒತ್ತುವುದಕ್ಕೂ ನಾನೇ. ಆ ಮಕ್ಕಳು ನನ್ನನ್ನು ಶ್ರುತಿಮಾಮ ಎಂದು ಕರೆಯುತ್ತಿದ್ದರು. ನನಗೆ ಅಲ್ಲಿ ಮರ್ಯಾದೆಯಿತ್ತು.

ಅಣ್ಣ ಮಾತ್ರ ದಿನಾ ಬೆಳಗ್ಗೆ ಮದುವೆಗೆ ಹೊರಡುತ್ತಿದ್ದ. ಕೊಡೆಯನ್ನು ನಾಗಸ್ವರದ ಹಾಗೆ ಕಂಕುಳಲ್ಲಿ ಇಟ್ಟುಕೊಂಡು, ಬಾಗಿಲಿಗೆ ಮಾವಿನ ತೋರಣ ಇರುವ ಯಾವ ಮನೆ ಕಂಡರೂ ಹೋಗಿ ಜಗಲಿಯಲ್ಲಿ ಕೂತುಬಿಡುತ್ತಿದ್ದ. ಒಂದು ಸಲ ವಿಜಯನಗರದಲ್ಲಿ ಸಿಕ್ಕಿದ. ಆಗ ಅಲ್ಲಿ ಮನೆಗಳು ಏಳುತ್ತಿದ್ದ ಕಾಲ. ಅರ್ಧ ಕಟ್ಟಿದ ಒಂದು ಮನೆಯೊಳಗೆ ಮರಳಿನ ಗುಡ್ಡೆಯ ಮೇಲೆ ಕೂತಿದ್ದ. "ಇನ್ನೂ ಚಪ್ಪರಾನೇ ಹಾಕಿಲ್ಲ ಕಣೋ, ಎಂಥಾ ಬೀಗರೋ ಏನೋ" ಎಂದು ನನ್ನ ಮೇಲೆಯೇ ರೇಗಿದ. ನಕ್ಕುಬಿಟ್ಟೆ. ಇನ್ನೊಂದು ಸಲ ರೈಲು ಕಂಬಿಯ ಮೇಲಿಂದ ಕಂಬಿ ನೋಡಿಕೊಳ್ಳುವವನೊಬ್ಬ ಅವನನ್ನು ರಟ್ಟೆ ಹಿಡಿದು ಕರೆತಂದ. ಆ ದಿನ ನಗು ಬರಲಿಲ್ಲ. ಹೆಂಡತಿ ಊದುಬತ್ತಿಯ ಮಣೆ ಪಕ್ಕಕ್ಕಿಟ್ಟು ಅತ್ತಳು. "ನಾನೊಬ್ಳು ಎಷ್ಟು ಅಂತ ಹಿಡ್ಕೊಳ್ಳಿ? ಏನಾರ ಆದ್ರೆ ನನ್ ತಲೇಗೆ ಬರುತ್ತೆ" ಎಂದಳು. ಅವಳದು ತಪ್ಪಿಲ್ಲ.

ಕೆಂಗೇರಿಯ ಕಡೆ, ಮೈಸೂರು ರಸ್ತೆಯಿಂದ ಒಳಕ್ಕೆ, ವರ್ತಕರು ಕೆಲವರು ಸೇರಿ ನಡೆಸುತ್ತಿದ್ದ ಒಂದು ವೃದ್ಧರ ಮನೆ ಇತ್ತು. ಸುತ್ತ ರಾಗಿ ಹೊಲ, ಎದುರಿಗೆ ಹೊಂಗೆಮರ. ಅರಳುಮರಳಾದವರನ್ನೂ ಅಲ್ಲಿ ಇಟ್ಟುಕೊಳ್ಳುತ್ತಿದ್ದರು. ಒಂದೇ ಕಟ್ಟಳೆ: ದಿಕ್ಕಿಲ್ಲದವರಾಗಿರಬೇಕು. ಆ ಮನೆಯನ್ನು ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಎಲ್ಲರೂ ಅಮ್ಮ ಎನ್ನುತ್ತಿದ್ದರು. ಅವರು ಅಣ್ಣನನ್ನು ಕೂರಿಸಿ, ಮಜ್ಜಿಗೆ ಕೊಟ್ಟು, ನನ್ನನ್ನು ಕೇಳಿದರು.

"ಇವರಿಗೆ ಯಾರಿದಾರೆ?"

"ಯಾರೂ ಇಲ್ಲಮ್ಮ. ನಮ್ಮ ಬೀದಿಯವ್ರು. ಒಂಟಿ."

ಅಣ್ಣ ಹೊಂಗೆಮರ ನೋಡುತ್ತ ಮಜ್ಜಿಗೆ ಕುಡಿಯುತ್ತಿದ್ದ.

ಆ ಸುಳ್ಳಿಗೆ ನಾನು ಇವತ್ತೂ ಏನಾದರೊಂದು ಸಮಾಧಾನ ಹೇಳಿಕೊಳ್ಳಬಲ್ಲೆ. ರೈಲು ಕಂಬಿಗಿಂತ ಅದು ಮೇಲಲ್ಲವೇ ಎಂದುಕೊಳ್ಳಬಲ್ಲೆ. ನಾನು ಹೇಳಹೊರಟಿದ್ದು ಆ ಸುಳ್ಳಿನ ವಿಚಾರವಲ್ಲ.

ಆಗಾಗ ಹೋಗಿ ನೋಡಿ ಬರುತ್ತಿದ್ದೆ, ಬೀದಿಯವನಾಗಿ. ಬಾಳೆಹಣ್ಣು ಒಯ್ಯುತ್ತಿದ್ದೆ. ಅಣ್ಣ ನನ್ನನ್ನು ನೋಡುತ್ತಿದ್ದ, ಗುರುತು ಹಿಡಿದನೋ ಇಲ್ಲವೋ ತಿಳಿಯುತ್ತಿರಲಿಲ್ಲ. ಅಮ್ಮ ಬೇರೆಯವರೆದುರು ನನ್ನನ್ನು ತೋರಿಸಿ, "ನೋಡಿ, ಹೆತ್ತ ಮಕ್ಕಳೇ ಬರದೇ ಇರೋ ಕಾಲದಲ್ಲಿ ಬೀದಿಯವ್ರು ಇಷ್ಟು ದೂರದಿಂದ ಬರ್ತಾರೆ" ಎನ್ನುತ್ತಿದ್ದರು. ನಾನು ಬಾಳೆಹಣ್ಣಿನ ಸಿಪ್ಪೆ ಎಸೆಯುವ ನೆಪದಲ್ಲಿ ಹೊರಗೆ ಹೋಗಿಬಿಡುತ್ತಿದ್ದೆ.

ಹೀಗಿರುವಾಗ ನಮ್ಮ ಸಂಗೀತ ಶಾಲೆಯ ಮೇಷ್ಟ್ರಿಗೆ ಒಂದು ಯೋಚನೆ ಬಂತು. ಅವರ ಶಿಷ್ಯರಿಗೆ ಸಭೆಯೆಂದರೆ ಕೈಕಾಲು ನಡುಗುತ್ತಿತ್ತು. "ಭಾನುವಾರ ಭಾನುವಾರ ಕೆಂಗೇರಿ ಹತ್ರ ಆ ಮುದುಕರ ಮನೆಗೆ ಹೋಗಿ ನುಡಿಸಿ ಬನ್ನಿ. ತಪ್ಪಿದ್ರೆ ಬೈಯೋರಿಲ್ಲ, ಚೆನ್ನಾಗಿದ್ರೆ ಚಪ್ಪಾಳೆ ಹೊಡೆಯೋರೂ ಇಲ್ಲ. ಅದಕ್ಕಿಂತ ಒಳ್ಳೇ ಸಭೆ ಬೇಕೇನ್ರೋ?" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀನೂ ಹೋಗಪ್ಪ, ತಂಬೂರಿ ಹುಷಾರು" ಎಂದರು. ಬರುವುದಿಲ್ಲ ಎನ್ನಲು ನನಗೆ ಕಾರಣವೇ ಹೊಳೆಯಲಿಲ್ಲ.

ಹೊರಟವರಲ್ಲಿ ಇಬ್ಬರು ಮುಖ್ಯ. ಒಬ್ಬಳು ಪಿಟೀಲಿನ ಹುಡುಗಿ, ಕಾಲೇಜಿನಲ್ಲಿ ಓದುತ್ತಿದ್ದವಳು, ಯಾರ ಮಾತನ್ನೂ ಪೂರ್ತಿ ಕೇಳಿಸಿಕೊಳ್ಳುವ ಸ್ವಭಾವ. ಇನ್ನೊಬ್ಬ ಮೃದಂಗದ ಹುಡುಗ, ಕಬ್ಬಿಣದಂಗಡಿಯವರ ಮಗ, ಬಾಯಿಬಡುಕ. ಜೊತೆಗೆ ಹಾಡುವ ಒಂದಿಬ್ಬರು. ಮೆಜೆಸ್ಟಿಕ್ಕಿಗೆ ಹೋಗಿ ಕೆಂಗೇರಿ ಬಸ್ಸು ಹತ್ತಿದರೆ ಕಂಡಕ್ಟರಿಗೆ ಗವುಸು ಹಾಕಿದ ತಂಬೂರಿಯ ಮೇಲೆ ಕಣ್ಣು.

"ಆ ಮಗೂಗೂ ಟಿಕೆಟ್ ತಗೊಳಪ್ಪ."

"ಇನ್ನೂ ಹಾಲು ಬಿಟ್ಟಿಲ್ಲ ಸಾರ್, ಅರ್ಧ ಟಿಕೆಟ್ಟೂ ಆಗಲ್ಲ," ಎಂದ ಮೃದಂಗದವನು.

"ಹೊಟ್ಟೆ ನೋಡಿದ್ರೆ ಹಾಗೆ ಕಾಣಲ್ವಲ್ಲ!"

ಬಸ್ಸೆಲ್ಲ ನಕ್ಕಿತು. ನನಗೆ ಒಂದೇ ಚಿಂತೆ: ಇವರೆದುರು ಅಣ್ಣ ನನ್ನನ್ನು ಗುರುತು ಹಿಡಿದರೆ?

ಮೊದಲ ಭಾನುವಾರಗಳಲ್ಲಿ ಅಂಥದ್ದೇನೂ ಆಗಲಿಲ್ಲ. ಅಮ್ಮ ಮಕ್ಕಳಿಗೂ ನನ್ನನ್ನು ಅಣ್ಣನ ಬೀದಿಯವನೆಂದೇ ಹೇಳಿದರು. ಪಡಸಾಲೆಯಲ್ಲಿ ಮುದುಕ ಮುದುಕಿಯರನ್ನು ಸಾಲಾಗಿ ಕೂರಿಸುತ್ತಿದ್ದರು. ಮಕ್ಕಳು ಪಾಠದಲ್ಲಿ ಕಲಿತಿದ್ದನ್ನು ನುಡಿಸುತ್ತಿದ್ದರು, ನಾನು ಶ್ರುತಿಪೆಟ್ಟಿಗೆ ಒತ್ತುತ್ತಿದ್ದೆ. ಮುದುಕರು ತಮ್ಮ ಪಾಡಿಗೆ ತಾವು ಮಾತಾಡುತ್ತಿದ್ದರು. ಒಬ್ಬ ಅಜ್ಜಿ ಪ್ರತಿ ಹಾಡಿನ ನಡುವೆ "ಬಸ್ ಬಂತಾ?" ಎಂದು ಕೇಳುತ್ತಿದ್ದಳು. ಮೃದಂಗದವನು "ಬಂತು ಅಜ್ಜಿ, ಸೀಟಿಲ್ಲ, ಮುಂದಿನದಕ್ಕೆ ಹೋಗಿ" ಎಂದರೆ ಸಮಾಧಾನವಾಗಿ ಕೂರುತ್ತಿದ್ದಳು. ಅಣ್ಣ ಗೋಡೆಯ ಪಕ್ಕ ಮೊಣಕಾಲು ತಬ್ಬಿಕೊಂಡು ಕೂತಿರುತ್ತಿದ್ದ. ಪಿಟೀಲಿನ ಹುಡುಗಿಗೆ ಇದು ಬೇಸರವಾಗಿತ್ತು. "ನಾವು ಗೋಡೆಗೆ ನುಡಿಸ್ತಾ ಇದೀವಿ ಮಾಮ" ಎಂದಳು.

ಗಟ್ಟಿಮೇಳ ನುಡಿಸಿದ್ದು ಮೃದಂಗದವನ ತಮಾಷೆ. ಯಾರೋ ಒಬ್ಬ ಮುದುಕರು ತೂಕಡಿಸುತ್ತ ಮುಂದಕ್ಕೆ ವಾಲಿದರು. ಅವರನ್ನು ಎಬ್ಬಿಸಬೇಕೆಂದು ಇವನು ತೋರುಬೆರಳೆತ್ತಿ, ಪುರೋಹಿತರ ದನಿಯಲ್ಲಿ "ಗಟ್ಟಿಮೇಳ, ಗಟ್ಟಿಮೇಳ!" ಎಂದು ಕೂಗಿ, ಮೃದಂಗದ ಮೇಲೆ ಎರಡೂ ಕೈ ಬಿಟ್ಟ.

ಪಡಸಾಲೆಯಲ್ಲಿ ಕೂತಿದ್ದ ಅಷ್ಟೂ ಮುದುಕರ ಬಲಗೈ ಮೇಲೆದ್ದಿತು. ಐದು ಬೆರಳು ಕೂಡಿಸಿ, ಮುಷ್ಟಿಯಲ್ಲಿ ಇಲ್ಲದ ಅಕ್ಷತೆ ಹಿಡಿದು, ಮುಂದಕ್ಕೆ ಎರಚಿದರು. ಬಸ್ಸಿನ ಅಜ್ಜಿ ಎದ್ದು ನಿಂತು, ಮುಂದೆ ಕೂತವರ ತಲೆಯ ಮೇಲಿಂದ ಎರಚಿದಳು. ಮಕ್ಕಳ ಹೆಸರು ಮರೆತವರು, ಉಂಡದ್ದು ಮರೆತವರು, ಯಾರಿಗೂ ಯಾರೂ ಹೇಳಿಕೊಡಲಿಲ್ಲ. ಪಿಟೀಲಿನ ಹುಡುಗಿ ಬಾಯಿ ತೆರೆದು ನೋಡುತ್ತಿದ್ದಳು. ಆಮೇಲೆ ಅವಳೂ ಪಿಟೀಲೆತ್ತಿ ಮದುವೆಮನೆಯ ನಾಗಸ್ವರದ ಹಾಗೆ ಜೋರಾಗಿ ಎಳೆದಳು.

ಅಣ್ಣ ಅಕ್ಷತೆ ಎರಚಲಿಲ್ಲ. ಮದುವೆಯಲ್ಲಿ ಅವನು ಯಾವತ್ತೂ ಎರಚಿದವನಲ್ಲವಲ್ಲ. ಅವನು ಗೋಡೆ ಬಿಟ್ಟು, ಕೂತಲ್ಲಿಂದಲೇ ಜರುಗಿಕೊಂಡು ಮುಂದೆ ಬಂದ. ಬಂದು ನನ್ನ ಬಲಗಡೆ ಕೂತ. ಎರಡು ಕೈಯನ್ನೂ ಎದೆಯ ಮುಂದೆ ಹಿಡಿದು ಗಾಳಿಯಲ್ಲಿ ಬೆರಳಾಡಿಸಿದ. ಗಾಬರಿಗೆ ನನ್ನ ಕೈ ತಿದಿಯ ಮೇಲೆ ಸಡಿಲವಾಯಿತು. ತಕ್ಷಣ ಅವನ ಮೊಣಕೈ ನನ್ನ ಪಕ್ಕೆಗೆ ಬಂತು.

"ಲೇ ತಮ್ಮಾ, ಇಳೀತಿದೆ ಕಣೋ! ಎತ್ತೋ!"

ನುಡಿಸುವುದು ನಿಂತಿತು. ಅಮ್ಮ ಒಳಗಿನಿಂದ ಬಂದರು. ಅಣ್ಣನ ಮುಖ ಎಷ್ಟೋ ವರ್ಷದ ಕೆಳಗಿನ ಮುಖವಾಗಿತ್ತು.

"ಯಾರು ತಾತ ಇವ್ರು?" ಎಂದು ಅಮ್ಮ ಕೇಳಿದರು.

"ಇವ್ನಾ? ನಮ್ ತಮ್ಮ. ನಮ್ಮವ್ವನ ಕೊನೇ ಮಗ. ಒತ್ತು ಊದ್ತಾನೆ. ಸೋಂಬೇರಿ, ಕೂತ್ಕಂಡೇ ನಿದ್ದೆ ಹೊಡೀತಾನೆ."

ಹುಡುಗಿ ನನ್ನತ್ತ ತಿರುಗಿದಳು. "ಹೌದಾ ಮಾಮ?"

ಹೌದು ಎಂದರೆ ಅಣ್ಣನನ್ನು ಆಗಲೇ ಕರೆದುಕೊಂಡು ಹೋಗಬೇಕಾಗುತ್ತಿತ್ತು ಎಂದು ನಾನು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ಆ ಮಕ್ಕಳೆದುರು, ಒಳ್ಳೆಯವನೆಂದು ಹೊಗಳಿದ ಅಮ್ಮನೆದುರು, ಸುಳ್ಳ ಎನ್ನಿಸಿಕೊಳ್ಳುವುದು ನನಗೆ ಆಗಲಿಲ್ಲ. ನಕ್ಕೆ. ನಕ್ಕು ಹೇಳಿದೆ:

"ಇಲ್ಲ ಕಣಮ್ಮ. ಪಾಪ, ಅವ್ರು ಎಲ್ರನ್ನೂ ಹಾಗೇ ತಮ್ಮ ಅಂತಾರೆ. ಅರಳುಮರಳು."

ಅಣ್ಣ ಹೇಳಿದ ಮಾತುಗಳಲ್ಲಿ ಆ ದಿನ ಸುಳ್ಳು ಒಂದೂ ಇರಲಿಲ್ಲ. ಅವ್ವನ ಕೊನೇ ಮಗ, ಒತ್ತು, ನಿದ್ದೆ, ಎಲ್ಲ ಸರಿ. ಮನೆ ದಾರಿ ಮರೆತವನು, ಹೆಂಡತಿ ಸತ್ತಿದ್ದು ಮರೆತವನು, ಅಷ್ಟು ದೂರದಿಂದ ಅದೊಂದನ್ನು ಹುಡುಕಿ ತಂದು ನನ್ನ ಮುಂದೆ ಇಟ್ಟಿದ್ದ. ಅದನ್ನೂ ನಾನು ಅವನ ಮರೆವಿನ ಲೆಕ್ಕಕ್ಕೇ ಹಾಕಿಬಿಟ್ಟೆ. ಎಲ್ಲರೂ ನಂಬಿದರು.

ಅಮ್ಮ ಅವನ ಬೆನ್ನು ಸವರಿದರು. "ತಾತ, ನಿಮಗೆ ಯಾರೂ ಇಲ್ಲ ಅಂತ ಯಾಕೆ ಕೊರಗ್ತೀರ? ನಾವೆಲ್ಲ ಇಲ್ವಾ?"

"ಯಾರೂ ಇಲ್ವಾ?" ಎಂದ ಅಣ್ಣ.

"ಇಲ್ಲ ತಾತ. ನಾವೇ ನಿಮಗೆ."

ಅವನು ನನ್ನ ಮುಖವನ್ನು ನೋಡಿದ. ನಾನು ಪೆಟ್ಟಿಗೆಯ ಕೊಂಡಿ ಹಾಕುತ್ತಿದ್ದೆ. ಅವನು ಎರಡೂ ಕೈ ಜೋಡಿಸಿ, "ತಪ್ಪಾಯ್ತು ಸ್ವಾಮಿ, ತಿವಿದ್ಬಿಟ್ಟೆ" ಎಂದ. ಮತ್ತೆ ಜರುಗಿಕೊಂಡು ಗೋಡೆಯ ಹತ್ತಿರಕ್ಕೆ ಹೋದ.

ಮುಂದಿನ ಭಾನುವಾರಕ್ಕೆ ಅವನು ಇದನ್ನೆಲ್ಲ ಮರೆತಿರುತ್ತಾನೆಂದು ನಂಬಿದ್ದೆ. ಬೆಳಗಿನ ತಿಂಡಿಯನ್ನೇ ಮರೆಯುವವನು. ಆದರೆ ನಾವು ಹೋದಾಗ ಅವನು ಎದ್ದು ನಿಂತು ನನಗೆ ಕೈ ಮುಗಿದ. "ಬನ್ನಿ ಸ್ವಾಮಿ" ಎಂದ. ಅಮ್ಮ ದಿನಾ ರಾತ್ರಿ ಮಲಗಿಸುವಾಗ ಸಮಾಧಾನಕ್ಕೆಂದು ಅದೇ ಮಾತು ಹೇಳುತ್ತಿದ್ದರಂತೆ, ಯಾರೂ ಇಲ್ಲ ಅಂತ ಕೊರಗಬೇಡಿ, ನಾವಿದೀವಿ ಎಂದು. ಮಗ್ಗಿ ಹೇಳಿದ ಹಾಗೆ ಹೇಳೀ ಹೇಳೀ ಅದು ಅವನಲ್ಲಿ ಉಳಿದುಬಿಟ್ಟಿತ್ತು. ಯಾರಾದರೂ ಹೊಸಬರು ಬಂದರೆ ಅವನೇ ಹೇಳುತ್ತಿದ್ದ: "ನನಗೆ ಯಾರೂ ಇಲ್ಲ. ಇವ್ರೇ ಎಲ್ಲ."

ಗಟ್ಟಿಮೇಳ ಈಗ ಪ್ರತಿ ವಾರ ಇತ್ತು. ಮಕ್ಕಳು ಪಾಠದ ಹಾಡು ಬಿಟ್ಟು ಮದುವೆಯ ಹಾಡು, ಸೋಬಾನೆ, ಆರತಿ ಹಾಡು ನುಡಿಸುತ್ತಿದ್ದರು. ಅಜ್ಜಿಯರು ತಾವೂ ಒಂದೊಂದು ಸಾಲು ಎತ್ತಿಕೊಳ್ಳುತ್ತಿದ್ದರು. ಬಸ್ಸಿನ ಅಜ್ಜಿ ಒಂದು ದಿನ ಪಿಟೀಲಿನ ಹುಡುಗಿಯ ಗಲ್ಲ ಹಿಡಿದು "ಗಂಡು ಏನ್ಮಾಡ್ಕೊಂಡಿದಾನೆ ಕಣೇ?" ಎಂದು ಕೇಳಿದಳು. ಮೃದಂಗದವನು "ಕಬ್ಬಿಣ ಮಾರ್ತಾನೆ ಅಜ್ಜಿ" ಎಂದು ಏಟು ತಿಂದ. ಆ ಪಡಸಾಲೆಯಲ್ಲಿ ಅಷ್ಟು ನಗು ಮೊದಲು ಇರಲಿಲ್ಲ. ಆ ನಗುವಿನಲ್ಲಿ ಒಬ್ಬನು ಮಾತ್ರ ಗೋಡೆಯ ಪಕ್ಕ ಕೈ ಕಟ್ಟಿಕೊಂಡು, ಬೇರೆಯವರ ಮನೆ ಮದುವೆಗೆ ಬಂದವನ ಹಾಗೆ ಕೂತಿರುತ್ತಿದ್ದ.

ಪಿಟೀಲಿನ ಹುಡುಗಿಗೆ ಅದನ್ನು ಮರೆಯಲಾಗಲಿಲ್ಲ. ಒಂದು ಭಾನುವಾರ ವಾಪಸ್ ಬರುವಾಗ, ಬಸ್ಸಿಗೆ ಕಾಯುತ್ತ, ಅವಳು ಹೇಳಿದಳು:

"ಮಾಮ, ಆ ತಾತ ಸುಮ್ನೆ ಏನೂ ಹೇಳಿಲ್ಲ ಅನ್ಸುತ್ತೆ. ಬೆರಳು ನೋಡಿದ್ರಾ? ನಿಮ್ಮ ಬೀದಿಗೆ ಬರೋ ಮುಂಚೆ ಅವ್ರು ನಾಗಸ್ವರದವ್ರಾಗಿದ್ರು. ಒತ್ತು ಊದೋ ತಮ್ಮ ಎಲ್ಲೋ ನಿಜವಾಗ್ಲೂ ಇರ್ಬೇಕು. ಪಾಪ, ಅವ್ರೂ ಹುಡುಕ್ತಾ ಇರ್ಬಹುದು."

ನಾನು ರಸ್ತೆ ನೋಡಿದೆ.

"ನಮ್ಮ ಅಪ್ಪ ಹೇಳಿದ್ರು, ಹೊಸಹಳ್ಳೀಲಿ ಹಳೇ ಡೋಲಿನವ್ರು ಒಬ್ರಿದಾರಂತೆ. ಈ ಕಡೆ ಓಲಗದವ್ರೆಲ್ಲ ಅವ್ರಿಗೆ ಗೊತ್ತಂತೆ. ಬರೋ ವಾರ ಹೋಗಿ ಕೇಳೋಣ. ನೀವೂ ಬನ್ನಿ ಮಾಮ, ನಿಮಗೆ ಆ ಜನ ಗೊತ್ತಲ್ವಾ?"

ಅದೇ ಡೋಲಿನವನು. ಮಂಗಳ ಕೇಳಿ ತಲೆ ತಗ್ಗಿಸಿಕೊಂಡು ಹೋದವನು. ಅವನು ಬಾಗಿಲು ತೆರೆದು ನನ್ನನ್ನು ನೋಡಿದರೆ ಮೊದಲು ಕೇಳುವ ಮಾತು "ಅಣ್ಣ ಹೇಗಿದಾನಯ್ಯಾ?" ಎಂದೇ.

ಅವಳಿಗೆ ಅಲ್ಲೇ ಹೇಳಿದೆ. ಮೃದಂಗದವನು ಬೀಡಿ ಅಂಗಡಿಯಲ್ಲಿ ಸೋಡಾ ಕುಡಿಯುತ್ತಿದ್ದ. ಎಲ್ಲ ಹೇಳಿದೆ. ಪ್ರೀತಿಯಿಂದ ಹೇಳಿದೆನೋ, ಸಿಕ್ಕಿಬೀಳುವ ಮುಂಚೆ ಹೇಳಿಬಿಡೋಣ ಎಂಬ ಭಯದಿಂದ ಹೇಳಿದೆನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅವಳು ಪಿಟೀಲಿನ ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡು ಕೇಳಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಕಣ್ಣು ತುಂಬಿಕೊಂಡು, "ನನಗೆ ಹೇಳಿದ್ರೆ ಏನ್ ಬಂತು ಮಾಮ? ವಾಪಸ್ ಹೋಗಿ ಅಮ್ಮನಿಗೆ ಹೇಳಿ. ನಾವು ಬಸ್ ಬಿಡ್ತೀವಿ, ಕಾಯ್ತೀವಿ" ಎಂದಳು.

ಅಮ್ಮ ಅಕ್ಕಿ ಆರಿಸುತ್ತಿದ್ದರು. ನಾನು ಹೇಳಿ ಮುಗಿಸುವವರೆಗೂ ಮೊರ ಕೆಳಗಿಡಲಿಲ್ಲ.

"ಯಾರೂ ಇಲ್ದೇ ಇರೋರು ಈ ಬಾಗಿಲಿಗೆ ಬಂದು, ಜಾಗ ಇಲ್ಲ ಅಂತ ವಾಪಸ್ ಹೋದ್ರಲ್ಲಪ್ಪ. ಅವ್ರ ಮುಖ ಎಲ್ಲ ನನಗೆ ನೆನಪಿದೆ," ಎಂದರು. ಒಂದು ಕಲ್ಲು ಆರಿಸಿ ಎಸೆದು, "ದಿನಾ ನಾನೇ ಅವ್ರ ತಲೇಲಿ ತುಂಬಿದೆನಲ್ಲ, ಯಾರೂ ಇಲ್ಲ ಅಂತ. ನನ್ ಬಾಯಿಂದ ಎಂಥಾ ಮಾತು ಆಡಿಸಿಬಿಟ್ರಿ ನೀವು" ಎಂದು ಮೊರ ಇಟ್ಟರು.

ಬರುವ ವಾರ ಬಂದು ಅವನನ್ನು ಕರೆದುಕೊಂಡು ಹೋಗುತ್ತೇನೆ ಎಂದೆ. ಮನೆಗೆ ಬಂದು ಹೆಂಡತಿಗೆ ಹೇಳಿದಾಗ ಅವಳು ಬಹಳ ಹೊತ್ತು ಊದುಬತ್ತಿ ಹೊಸೆಯುತ್ತಲೇ ಇದ್ದಳು. ಕೊನೆಗೆ, "ಬರ್ಲಿ ಬಿಡಿ. ಬಾಗಿಲಿಗೆ ಮೇಲ್ಗಡೆ ಒಂದು ಚಿಲಕ ಹಾಕ್ಸಿ, ಕೈ ಎಟುಕ್ದೇ ಇರೋ ಹಾಗೆ" ಎಂದಳು.

ಹೊರಡುವ ದಿನ ಅಮ್ಮ ಅಣ್ಣನಿಗೆ ಹೇಳಿದರು: "ತಾತ, ಇವ್ರು ನಿಮ್ಮ ತಮ್ಮ. ನಿಮ್ಮನ್ನ ಮನೆಗೆ ಕರ್ಕೊಂಡು ಹೋಗೋಕೆ ಬಂದಿದಾರೆ." ನಾನೂ ಅವನ ಮುಂದೆ ಕೂತು ಹೇಳಿದೆ. "ಅಣ್ಣಾ, ನಾನು ಕಣೋ. ಒತ್ತು ಊದೋನು."

ಅಣ್ಣ ಅಮ್ಮನನ್ನು ನೋಡಿ, ಮಕ್ಕಳಿಗೆ ತಿಳಿಹೇಳುವ ದನಿಯಲ್ಲಿ ಅಂದ: "ಇಲ್ಲಮ್ಮ. ನನಗೆ ಯಾರೂ ಇಲ್ಲ. ನೀವೇ ಹೇಳಿದ್ರಲ್ಲ." ಆಮೇಲೆ ನನ್ನ ಮನಸ್ಸಿಗೆ ನೋವಾಗಬಾರದೆಂದೋ ಏನೋ, "ಆದ್ರೂ ಸ್ವಾಮಿಯೋರು ಕರೀತಿದಾರೆ, ಹೋಗ್ಬರ್ತೀನಿ. ಮುಹೂರ್ತ ಯಾವಾಗ?" ಎಂದ.

ಹೀಗೆ ಅಣ್ಣ ನಮ್ಮ ಮನೆಗೆ ಓಲಗದವನಾಗಿ ಬಂದ. ಒಳಗೆ ಬಾ ಎಂದರೂ ಜಗಲಿಯ ತುದಿಯಲ್ಲೇ ಕೂರುತ್ತಿದ್ದ. ಮದುವೆಮನೆಯಲ್ಲಿ ಓಲಗದವರಿಗೆ ಊಟ ಕೊನೆಯ ಪಂಕ್ತಿಗೆ. ಎಲ್ಲರದೂ ಆಗಿ, ಅಡುಗೆಯವರ ಜೊತೆಗೆ. ಅದು ಅವನ ಮೈಯಲ್ಲಿ ಹಾಗೇ ಉಳಿದಿತ್ತು. ತಟ್ಟೆ ಇಟ್ಟರೆ, "ಯಜಮಾನ್ರದು ಆಯ್ತಾ ತಾಯಿ?" ಎಂದು ನನ್ನ ಹೆಂಡತಿಯನ್ನು ಕೇಳುತ್ತಿದ್ದ. ನಾನು ಉಂಡು ಕೈ ತೊಳೆದು ಬಂದು ನಿಂತರೆ ಮಾತ್ರ ತುತ್ತು ಮುಟ್ಟುತ್ತಿದ್ದ. ಚಿಕ್ಕಂದಿನಲ್ಲಿ ನನ್ನ ತಟ್ಟೆಗೆ ತನ್ನ ತಟ್ಟೆಯಿಂದ ಹಾಕುತ್ತಿದ್ದವನು. ಅವನಿಗಿಂತ ಮೊದಲು ಉಣ್ಣುವುದು ನನಗೆ ಶಿಕ್ಷೆಯಾಗಿತ್ತು. ಉಣ್ಣದಿದ್ದರೆ ಅವನಿಗೆ ಉಪವಾಸ. ಉಂಡೆ.

ಹೆಂಡತಿ ಅವನನ್ನು ಚೆನ್ನಾಗಿಯೇ ನೋಡಿಕೊಂಡಳು. ಊದುಬತ್ತಿಯ ಕಡ್ಡಿಗಳನ್ನು ಜೋಡಿಸಿಕೊಡುವ ಕೆಲಸ ಕೊಟ್ಟಳು. ಅದರಿಂದ ಅವನ ಬೆರಳಿಗೆ ನೆಮ್ಮದಿಯಾಯಿತು, ತಿರುಗುವುದೂ ಕಡಿಮೆಯಾಯಿತು. ಇಷ್ಟು ಸಣ್ಣದೊಂದು ಉಪಾಯ ಮೊದಲೇ ಯಾಕೆ ಹೊಳೆಯಲಿಲ್ಲ ಎಂದು ಅವಳೇ ಒಂದು ದಿನ ಸೆರಗಿನಲ್ಲಿ ಮೂಗೊರೆಸಿಕೊಂಡಳು.

ಮಕ್ಕಳು ಕೆಂಗೇರಿಗೆ ಹೋಗುವುದನ್ನು ಬಿಡಲಿಲ್ಲ. ನಾನೂ ಜೊತೆಗೆ ಹೋಗುತ್ತಿದ್ದೆ. ಅಮ್ಮ ನನ್ನೊಡನೆ ಮಾತು ಕಡಿಮೆ ಮಾಡಿದ್ದರು, ಆದರೆ ಬರಬೇಡ ಎನ್ನಲಿಲ್ಲ. ಒಂದು ಹಬ್ಬದ ಮಧ್ಯಾಹ್ನ ಮಕ್ಕಳು ತಾವೇ ನಮ್ಮ ವಠಾರಕ್ಕೆ ಬಂದರು. ಅಣ್ಣನಿಗೆ ನುಡಿಸುತ್ತೇವೆ ಎಂದರು. ಜಗಲಿಯ ಮೇಲೆ ಚಾಪೆ ಹಾಸಿದೆವು. ವಠಾರದ ಹೆಂಗಸರೆಲ್ಲ ನಲ್ಲಿಯ ಹತ್ತಿರ ಬಿಂದಿಗೆ ಇಟ್ಟು ಬಂದು ನಿಂತರು. ನಾನು ಶ್ರುತಿಪೆಟ್ಟಿಗೆ ತೆಗೆದುಕೊಂಡು ಅಣ್ಣನ ಎಡಗಡೆಗೆ ಕೂತೆ. ಯಾವಾಗಲೂ ಕೂರುತ್ತಿದ್ದ ಜಾಗ.

ಹುಡುಗಿ ಮೋಹನ ರಾಗ ಎತ್ತಿಕೊಂಡಳು. ಚೆನ್ನಾಗಿ ನುಡಿಸಿದಳು. ಅಣ್ಣ ಕಣ್ಣು ಮುಚ್ಚಿದ್ದ, ಬೆರಳುಗಳು ತೊಡೆಯ ಮೇಲೆ ಸಣ್ಣಗೆ ಏಳುತ್ತ ಬೀಳುತ್ತ ಇದ್ದವು. ಅವನ ಮೊಣಕೈ ನನ್ನ ಪಕ್ಕೆಯಿಂದ ಒಂದು ಗೇಣು ದೂರದಲ್ಲಿತ್ತು.

ಬೇಕೆಂದೇ ನಾನು ತಿದಿಯನ್ನು ಸಡಿಲ ಬಿಟ್ಟೆ.

ಶ್ರುತಿ ಇಳಿಯಿತು. ಹುಡುಗಿ ನನ್ನ ಕಡೆ ನೋಡಿದಳು; ನಾನು ಏನು ಮಾಡುತ್ತಿದ್ದೇನೆಂದು ಅವಳಿಗೆ ತಿಳಿಯಿತು, ಕಮಾನು ನಿಲ್ಲಿಸಲಿಲ್ಲ. ಅಣ್ಣನ ಹುಬ್ಬು ಗಂಟಿಕ್ಕಿತು. ಕಣ್ಣು ಬಿಟ್ಟ. ಮೊಣಕೈ ಅಲುಗಿತು. ನಾನು ಪಕ್ಕೆಯನ್ನು ಅವನ ಕಡೆಗೆ ಕೊಟ್ಟು ಕಾದೆ.

"ಒಸಿ ನಿಲ್ಸು ಮಗಾ," ಎಂದ ಅಣ್ಣ ಹುಡುಗಿಗೆ. ಆಮೇಲೆ ನನ್ನ ಕಡೆ ತಿರುಗಿದ. "ಸ್ವಾಮಿಯೋರಿಗೆ ಕೈ ಸೋತಿದೆ. ಎಷ್ಟು ಹೊತ್ತಿಂದ ಒತ್ತುತಿದಾರೆ ಪಾಪ. ತಾಯಿ, ಇವ್ರಿಗೆ ಒಂದ್ ಲೋಟ ನೀರು ಕೊಡಿ." ಪೆಟ್ಟಿಗೆಯನ್ನು ಮೆಲ್ಲಗೆ ನನ್ನ ತೊಡೆಯ ಮೇಲಿಂದ ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡ. "ನೀವು ಸುಧಾರಿಸ್ಕೊಳಿ. ನಾನು ಹಿಡೀತೀನಿ."

ಹಿರಿಯ ನಾಗಸ್ವರದವನು ಶ್ರುತಿ ಹಿಡಿಯುವುದು ನಮ್ಮಲ್ಲಿ ಇಲ್ಲ. ಅವನು ಜೀವಮಾನದಲ್ಲಿ ಹಿಡಿದವನಲ್ಲ. ಆ ಮಧ್ಯಾಹ್ನ ಮಕ್ಕಳು ನುಡಿಸಿದಷ್ಟು ಹೊತ್ತೂ ಅವನೇ ಹಿಡಿದ. ಒಂದು ಸಲವೂ ಇಳಿಯಲಿಲ್ಲ. ನಾನು ಅವನ ಎಡಗಡೆಯಲ್ಲಿ ನೀರಿನ ಲೋಟ ಹಿಡಿದುಕೊಂಡು ಕೂತಿದ್ದೆ.